ಘಟ್ಟದ ಕಾಡಿನಲ್ಲಿ ಚರಂಡಿ ತೋಡುವುದಕ್ಕೂ ಪರಿಸರ ಪರಿಶೀಲನೆ ಬೇಕೇ?

ಪ್ರಶ್ನೆ: ಮನೆಯವರೆಲ್ಲ ಬೆಂಗಳೂರಿನಿಂದ ಹೊರನಾಡಿಗೆ ಹೋಗಿದ್ದೆವು. ಅಲ್ಲಿಂದ ಉಡುಪಿಗೆ ಹೋಗಲು ಕುದುರೆಮುಖದ ಕಾಡಿನ ರಸ್ತೆ ಹಿಡಿದೆವು. ಒಂದು ಕಡೆ ಜೆಸಿಬಿ ರಸ್ತೆ ಪಕ್ಕದ ಚರಂಡಿ ತೋಡುತ್ತಿತ್ತು. ಇನ್ನೊಂದು ಕಡೆ ಹಳೇ ಮೋರಿ ಒಡೆದು ಹೊಸದು ಕಟ್ಟುತ್ತಿದ್ದರು. ರಾಷ್ಟ್ರೀಯ ಉದ್ಯಾನದೊಳಗೆ ಇದಕ್ಕೆಲ್ಲ ಪರಿಸರ ಅನುಮತಿ ಬೇಡವೇ ಎಂದು ಕೆಲಸ ಮಾಡಿಸುತ್ತಿದ್ದವರನ್ನು ಕೇಳಿದೆ. "ಇದು ಮೇಂಟೆನೆನ್ಸ್ ಸಾರ್, ಅದೆಲ್ಲ ಬೇಕಾಗಲ್ಲ" ಎಂದರು. ಇದು ನಿಜವೇ?
(ಒಬ್ಬ ಓದುಗರು, ಬಸವನಗುಡಿ, ಬೆಂಗಳೂರು)

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ಯಾವ ಅರ್ಧ ಎಂದು ತಿಳಿಯಲು ಮೊದಲು ಕಾನೂನು ನೋಡೋಣ. ಅಸಲಿ ವಿಷಯ ಇರುವುದು ಅದರಾಚೆ.

ಪರಿಸರ ಅನುಮತಿ ಎಂದ ತಕ್ಷಣ ನಮಗೆ ನೆನಪಾಗುವುದು 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆ. ಗಣಿ, ಅಣೆಕಟ್ಟು, ವಿದ್ಯುತ್ ಸ್ಥಾವರ, ದೊಡ್ಡ ಹೆದ್ದಾರಿಗಳೆಲ್ಲ ಅದರ ಕೆಳಗೆ ಬರುತ್ತವೆ. ಕಟ್ಟಡವಾದರೆ ಕನಿಷ್ಠ 20,000 ಚದರ ಮೀಟರ್ ಇರಬೇಕು. ಅಂದರೆ ಎರಡು ಲಕ್ಷ ಚದರ ಅಡಿಗೂ ಜಾಸ್ತಿ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಸರಿಹೋಗುವ ಅಳತೆ ಇದು. ಕಾಡಿನೊಳಗಿನ ಮೋರಿ, ತಡೆಗೋಡೆ, ಕಾವಲುಗಾರರ ಶಿಬಿರ, ಶೌಚಾಲಯ ಯಾವುದೂ ಇದರ ಹತ್ತಿರಕ್ಕೂ ಬರುವುದಿಲ್ಲ. ಆ ಮಟ್ಟಿಗೆ ಅವರ ಮಾತು ಸರಿ.

ಆದರೆ ರಾಷ್ಟ್ರೀಯ ಉದ್ಯಾನಕ್ಕೆ ಬೇರೆ ಕಾನೂನಿದೆ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 35(6)ನೇ ಕಲಮಿನ ಪ್ರಕಾರ, ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಇಲ್ಲದೆ ಪ್ರಾಣಿಗಳ ನೆಲೆಗೆ ಹಾನಿ ಮಾಡುವಂತಿಲ್ಲ, ಕಾಡಿನ ಉತ್ಪನ್ನ ತೆಗೆಯುವಂತಿಲ್ಲ. ಉದ್ಯಾನದೊಳಕ್ಕೆ ಬರುವ ಅಥವಾ ಅಲ್ಲಿಂದ ಹೊರಹೋಗುವ ನೀರನ್ನು ತಿರುಗಿಸುವಂತಿಲ್ಲ, ತಡೆಯುವಂತಿಲ್ಲ, ಹೆಚ್ಚಿಸುವಂತಿಲ್ಲ. ಆ ಪರವಾನಗಿ ಕೊಡಬೇಕಾದರೂ, ಕೆಲಸ ವನ್ಯಜೀವಿಗಳ ಒಳ್ಳೆಯದಕ್ಕೆ ಬೇಕೇ ಬೇಕು ಎಂದು ವನ್ಯಜೀವಿ ಮಂಡಳಿಯ ಜೊತೆ ಚರ್ಚಿಸಿ ಸರ್ಕಾರಕ್ಕೆ ಮನವರಿಕೆಯಾಗಬೇಕು. ಗಮನಿಸಿ, ಇಲ್ಲಿ ಗಾತ್ರದ ಮಾತೇ ಇಲ್ಲ. ಹೊಸ ಮೋರಿ ಹಳ್ಳದ ದಾರಿ ಬದಲಿಸುವುದಾದರೆ ಅದು ಮೂರು ಅಡಿಯದ್ದೋ ಮೂವತ್ತು ಅಡಿಯದ್ದೋ, ಕಲಮು ಒಂದೇ.

ಉದ್ಯಾನದ ನಿರ್ವಹಣೆಗೆ ಬೇಕಾದ ರಸ್ತೆ, ಸೇತುವೆ, ಕಟ್ಟಡ, ಬೇಲಿಗಳನ್ನು ಮುಖ್ಯ ವನ್ಯಜೀವಿ ಪರಿಪಾಲಕರೇ ಮಾಡಿಸಬಹುದು. ಆ ಅಧಿಕಾರ 33ನೇ ಕಲಮಿನಲ್ಲಿದೆ. 2022ರ ತಿದ್ದುಪಡಿಯ ನಂತರ ಇದು ಅವರು ಒಪ್ಪಿದ ನಿರ್ವಹಣಾ ಯೋಜನೆಯ ಪ್ರಕಾರವೇ ನಡೆಯಬೇಕು. ವ್ಯಾಪಾರದ ಉದ್ದೇಶದ ಪ್ರವಾಸಿ ವಸತಿಗೃಹವಾದರೆ, ಅದು ಸರ್ಕಾರದ್ದೇ ಆದರೂ, ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಮೊದಲೇ ಬೇಕು. ಇನ್ನು 1980ರ ಅರಣ್ಯ ಸಂರಕ್ಷಣಾ ಕಾಯ್ದೆ. 2023ರಲ್ಲಿ ಅದರ ಹೆಸರೂ ಬದಲಾಯಿತು, ಕೆಲವು ವಿನಾಯಿತಿಗಳೂ ಸೇರಿದವು. ಚೆಕ್‌ಪೋಸ್ಟ್, ಬೆಂಕಿರೇಖೆ, ವೈರ್‌ಲೆಸ್, ಬೇಲಿ, ಸೇತುವೆ, ಮೋರಿ, ನೀರುಗುಂಡಿ ಇವೆಲ್ಲ ಕಾಡಿನ ನಿರ್ವಹಣೆಗಾಗಿ ಆದರೆ ಅರಣ್ಯೇತರ ಕೆಲಸ ಎಂದು ಅದು ಎಣಿಸುವುದಿಲ್ಲ. ಸಾರ್ವಜನಿಕ ರಸ್ತೆಯ ಲೆಕ್ಕ ಬೇರೆ. ಇರುವ ಅಗಲದಲ್ಲೇ ಡಾಂಬರು ಹಾಕುವುದು ಒಂದು. ಪಕ್ಕಕ್ಕೆ ಎರಡು ಮೀಟರ್ ಸರಿದರೂ ಅದು ಅಗಲೀಕರಣ. ಆಗ ಅರಣ್ಯ ಅನುಮತಿ, ರಾಜ್ಯ ವನ್ಯಜೀವಿ ಮಂಡಳಿ, ಆಮೇಲೆ ರಾಷ್ಟ್ರೀಯ ಮಂಡಳಿಯ ಸ್ಥಾಯಿ ಸಮಿತಿ, ಎಲ್ಲ ಮೆಟ್ಟಿಲೂ ಹತ್ತಬೇಕು. ಗಾಳಿಗೆ ಬಿದ್ದ ಮರವನ್ನು ಹೊತ್ತೊಯ್ಯುವುದೂ ಅಷ್ಟು ಸಲೀಸಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಒಣಗಿದ, ಬಿದ್ದ ಮರಗಳನ್ನು ತೆಗೆಯಬಾರದು ಎಂದು ಸುಪ್ರೀಂ ಕೋರ್ಟ್ 2000ದ ಫೆಬ್ರವರಿ 14ರಂದೇ ಆದೇಶಿಸಿದೆ.

ಹಾಗಾದರೆ "ಮೇಂಟೆನೆನ್ಸ್" ಎಂದು ಹೇಳಿದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಆದರೂ ನನ್ನ ಚಿಂತೆ ಪರವಾನಗಿ ಇದೆಯೋ ಇಲ್ಲವೋ ಎಂಬುದಲ್ಲ. ಎಲ್ಲ ಕಾಗದ ಸರಿಯಿದ್ದೂ ಒಂದು ಸಣ್ಣ ಕೆಲಸ ಒಂದು ಹಳ್ಳವನ್ನು ಹಾಳು ಮಾಡಬಹುದು. ಗುಡ್ಡದ ಕಾಡಿನಲ್ಲಿ ಕೆಲಸದ ಗಾತ್ರ ಅಳೆದು ಪ್ರಯೋಜನವಿಲ್ಲ. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟನೇ ಸಲ ಎಂದು ಕೇಳಬೇಕು.

ಕುದುರೆಮುಖವನ್ನೇ ತೆಗೆದುಕೊಳ್ಳಿ. ಸುಮಾರು 600 ಚದರ ಕಿಲೋಮೀಟರಿನ ಉದ್ಯಾನ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಗುಡ್ಡಗಳಲ್ಲೇ ಹುಟ್ಟುತ್ತವೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿಲಿಮೀಟರ್. ಅಲ್ಲಿ ಕೆಲವು ಕಡೆ ಅದರ ಐದಾರು ಪಟ್ಟು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಲ್ಲಿ ದೊಡ್ಡ ಕಬ್ಬಿಣದ ಗಣಿಯೇ ಇತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಅದು ನಿಂತಿತು. ಆ ಹೋರಾಟದಲ್ಲಿ ಭದ್ರೆಗೆ ಸೇರುವ ಕೆಂಪು ಹೂಳಿನ ಬಗ್ಗೆ ಊರೂರಲ್ಲಿ ಚರ್ಚೆಯಾಯಿತು. ಗಣಿ ದೊಡ್ಡದು, ಎಲ್ಲರಿಗೂ ಕಾಣುತ್ತಿತ್ತು. ರಸ್ತೆ ಬದಿಯಿಂದ ಬರುವ ಮಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ನೀವು ನೋಡಿದ ಚರಂಡಿಗೆ ಬರೋಣ. ಘಟ್ಟದ ರಸ್ತೆಯ ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ. ಗುಡ್ಡದ ಕಡೆ ಚರಂಡಿ ಇರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಮಣ್ಣು, ಎಲೆ, ಕಲ್ಲು ಬಂದು ತುಂಬುತ್ತದೆ. ಅದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ನೀರು ರಸ್ತೆಯ ಮೇಲೆ ಹರಿದು ಕಣಿವೆಯ ಅಂಚನ್ನೇ ಕೊರೆಯುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಜೆಸಿಬಿಯ ಬಕೆಟ್ ತುಂಬಿದ ಮಣ್ಣನ್ನಷ್ಟೇ ತೆಗೆದು ನಿಲ್ಲುವುದಿಲ್ಲ. ಜೊತೆಗೆ ಗುಡ್ಡದ ಬುಡವನ್ನೂ ಒಂದಿಷ್ಟು ಕೆರೆಯುತ್ತದೆ. ಮೇಲಿನ ಇಳಿಜಾರು ನಿಂತಿರುವುದೇ ಆ ಬುಡದ ಮೇಲೆ. ಅಲ್ಲಿದ್ದ ಹುಲ್ಲು, ಜರೀಗಿಡ, ಬೇರಿನ ಹೆಣಿಗೆ ಎಲ್ಲ ಕಿತ್ತುಹೋಗಿ ಹಸಿ ಕೆಮ್ಮಣ್ಣು ಬಯಲಾಗುತ್ತದೆ. ಮುಂದಿನ ಮಳೆಗೆ ಮೇಲಿಂದ ಒಂದು ಹೋಳು ಜಾರಿ ಅದೇ ಚರಂಡಿಗೆ ಬೀಳುತ್ತದೆ. ಮತ್ತೆ ಜೆಸಿಬಿ ಬರುತ್ತದೆ. ಬುಡ ಮತ್ತಷ್ಟು ಕಡಿದಾಗುತ್ತದೆ. ಹೀಗೆ ಕೆಲವು ವರ್ಷ ನಡೆದರೆ, ಚರಂಡಿ ಸ್ವಚ್ಛ ಮಾಡುವ ಕೆಲಸವೇ ಗುಡ್ಡ ಕುಸಿಯಲು ಕಾರಣವಾಗಿರುತ್ತದೆ. ಆಗ ಅಲ್ಲೊಂದು ಕಾಂಕ್ರೀಟ್ ತಡೆಗೋಡೆಯ ಎಸ್ಟಿಮೇಟ್ ತಯಾರಾಗುತ್ತದೆ. ಗೋಡೆಯಲ್ಲಿ ನೀರು ಸೋರಿಹೋಗಲು ಸಾಕಷ್ಟು ತೂತು ಬಿಡದಿದ್ದರೆ, ಹಿಂದೆ ನಿಂತ ನೀರಿನ ಒತ್ತಡಕ್ಕೆ ಅದೂ ವಾಲುತ್ತದೆ.

ತೆಗೆದ ಮಣ್ಣು ಎಲ್ಲಿಗೆ ಹೋಗುತ್ತದೆ? ಪರಿಶೀಲನೆಗೆ ಹೋದಾಗ ನಾನು ಮೊದಲು ಕೇಳುವುದು ಇದನ್ನೇ. ಬೆಂಗಳೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳೆತ್ತಿ ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗುತ್ತಾರಲ್ವಾ, ಮೊದಲ ಮಳೆಗೆ ಅದೆಲ್ಲ ವಾಪಸ್ ಚರಂಡಿಗೇ ಸೇರುತ್ತದೆ. ಘಟ್ಟದಲ್ಲಿ ಅದು ವಾಪಸ್ ಬರುವುದಿಲ್ಲ, ಕೆಳಗಿನ ಹಳ್ಳಕ್ಕೆ ಹೋಗುತ್ತದೆ. ಎದುರಿನ ಕಣಿವೆಯ ಅಂಚಿನಿಂದ ಮಣ್ಣನ್ನು ಕೆಳಗೆ ತಳ್ಳುವುದು ಎಲ್ಲಕ್ಕಿಂತ ಸುಲಭ, ಲಾರಿ ಬಾಡಿಗೆಯೂ ಉಳಿಯುತ್ತದೆ. ಆ ಮಣ್ಣು ಕೆಳಗಿನ ಸಸಿಗಳನ್ನು ಮುಚ್ಚುತ್ತದೆ, ಮರಗಳ ಬುಡಕ್ಕೆ ಕೂರುತ್ತದೆ, ಜೂನ್‌ನಲ್ಲಿ ಹಳ್ಳ ಸೇರಿ ಕಲ್ಲುಗಳ ಸಂದುಗಳನ್ನು ತುಂಬುತ್ತದೆ. ಆ ಸಂದುಗಳಲ್ಲೇ ಹಳ್ಳದ ಜೀವ ಇರುವುದು. ಮೀನು ಮೊಟ್ಟೆ ಇಡುವುದು, ನೀರಹುಳುಗಳು ಅಂಟಿಕೊಂಡಿರುವುದು, ಗೊದಮೊಟ್ಟೆಗಳು ಅಡಗುವುದು ಎಲ್ಲ ಅಲ್ಲೇ. ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆ ಗೊತ್ತಿರಬಹುದು. ಹರಿಯುವ ನೀರಿನ ಸದ್ದಿನಲ್ಲಿ ಕೂಗು ಕೇಳಿಸದು ಎಂದು ಕಾಲು ಚಾಚಿ ಸನ್ನೆ ಮಾಡುವ ಕಪ್ಪೆ. ಪಶ್ಚಿಮಘಟ್ಟ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ಅದಕ್ಕೆ ಬೇಕಾಗಿರುವುದು ನೆರಳಿರುವ, ತಿಳಿ ನೀರಿನ, ಜಲ್ಲಿಕಲ್ಲಿನ ಹಳ್ಳ.

ಮೋರಿಯ ವಿಷಯದಲ್ಲಿ ಅಳತೆಗಿಂತ ಮಟ್ಟ ಮುಖ್ಯ. ಹಳ್ಳದ ತಳಕ್ಕಿಂತ ಮೇಲೆ ಪೈಪು ಕೂರಿಸಿದರೆ ಕೆಳಬದಿಯಲ್ಲಿ ನೀರು ಧುಮುಕಿ ಗುಂಡಿ ಬೀಳುತ್ತದೆ. ಮೀನು ಮೇಲೆ ಹತ್ತಲಾರದು, ಹಳ್ಳ ಎರಡು ತುಂಡಾಗುತ್ತದೆ. ಪೈಪಿನ ಬದಲು ತಳ ಹಾಗೇ ಬಿಟ್ಟ ಚೌಕ ಮೋರಿ ಕಟ್ಟಿದರೆ ನೀರೂ ಹೋಗುತ್ತದೆ, ಬೇಸಿಗೆಯಲ್ಲಿ ಸಣ್ಣ ಪ್ರಾಣಿಗಳೂ ರಸ್ತೆಯ ಅಡಿಯಿಂದಲೇ ದಾಟುತ್ತವೆ. ಖರ್ಚು ಸ್ವಲ್ಪ ಜಾಸ್ತಿ. ಕಾಂಕ್ರೀಟ್ ಕಲಸಿದ ಮಿಕ್ಸರನ್ನು ಹಳ್ಳದಲ್ಲಿ ತೊಳೆಯುವುದಂತೂ ಕೂಡದು. ಹಸಿ ಸಿಮೆಂಟಿನ ನೀರು ತೀಕ್ಷ್ಣ ಕ್ಷಾರ, ಬೇಸಿಗೆಯ ಸಣ್ಣ ಹರಿವಿನಲ್ಲಿ ಅದು ಬೆರೆತರೆ ಮೀನು, ಗೊದಮೊಟ್ಟೆ ಸಾಯುತ್ತವೆ.

ಇನ್ನೂ ಎರಡು ವಿಷಯ. ಹೊರಗಿನಿಂದ ಬರುವ ಮಣ್ಣು, ಜಲ್ಲಿ, ಯಂತ್ರದ ಚಕ್ರ ಇವುಗಳ ಜೊತೆ ಕಳೆಯ ಬೀಜವೂ ಬರುತ್ತದೆ. ಲಂಟಾನ, ಯುಪಟೋರಿಯಂ, ಪಾರ್ಥೇನಿಯಂ ಕಾಡಿಗೆ ನುಗ್ಗುವುದು ಹೆಚ್ಚಾಗಿ ರಸ್ತೆಯಂಚಿನಿಂದ. ಬಯಲಾದ ಹಸಿ ಮಣ್ಣು ಸಿಕ್ಕರೆ ಅವು ಬಿಡುವುದಿಲ್ಲ. ಗೇಟಿನ ಹೊರಗೆ ಯಂತ್ರವನ್ನು ತೊಳೆದು ಒಳಗೆ ಬಿಡಬೇಕು ಎಂಬ ಒಂದೇ ಷರತ್ತು ಎಷ್ಟೋ ಉಳಿಸುತ್ತದೆ. ಎರಡನೆಯದು ರಸ್ತೆಯ ಮೇಲೆ ಕೈಕೈ ಹಿಡಿದಂತೆ ಕೂಡುವ ಕೊಂಬೆಗಳು. ಸಿಂಗಳೀಕ ಹೆಚ್ಚಾಗಿ ಮರದಿಂದ ಮರಕ್ಕೇ ಹೋಗುವ ಪ್ರಾಣಿ, ಕೆಂಜಳಿಲೂ ಅಷ್ಟೇ. ಬಸ್ಸಿಗೆ ತಾಗುತ್ತದೆ ಎಂದು ಕೊಂಬೆ ಕಡಿಯುವಾಗ ಯಾವ ಕೊಂಬೆ ಬಸ್ಸಿಗೆ ತಾಗುತ್ತದೆ, ಯಾವುದು ಅವುಗಳ ಸೇತುವೆ ಎಂದು ನೋಡಿ ಕಡಿಯಬೇಕು. ಒಂದೆಡೆ ಆ ಸೇತುವೆ ಮುರಿದರೆ ಸಿಂಗಳೀಕ ನೆಲಕ್ಕಿಳಿದು ರಸ್ತೆ ದಾಟಬೇಕಾಗುತ್ತದೆ. ಆಮೇಲೆ ಅಪಘಾತ.

ಕೆಲಸದ ಕಾಲ ಇದಕ್ಕಿಂತ ದೊಡ್ಡ ಸಮಸ್ಯೆ. ಸರ್ಕಾರದ ಹಣಕಾಸಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ದುಡ್ಡು ತಡವಾಗಿ ಬಿಡುಗಡೆಯಾಗಿ, ಟೆಂಡರ್ ಮುಗಿದು, ಕೆಲಸ ಶುರುವಾಗುವಷ್ಟರಲ್ಲಿ ಫೆಬ್ರವರಿ ಬಂದಿರುತ್ತದೆ. ಬಿಲ್ ಆಗಬೇಕೆಂದು ಮಾರ್ಚ್‌ನಲ್ಲಿ ಒಂದೇ ಸಮನೆ ಅಗೆತ. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲು ಬೆಳೆಯುವಷ್ಟು ಮಳೆ ಇಲ್ಲ. ಜೂನ್‌ನಲ್ಲಿ ಮುಂಗಾರು ಬಂದಾಗ ಸಡಿಲ ಮಣ್ಣು ಹಾಗೇ ಕಾಯುತ್ತಿರುತ್ತದೆ. ಘಟ್ಟದ ಹಳ್ಳಗಳಿಗೆ ಇದಕ್ಕಿಂತ ಕೆಟ್ಟ ಕ್ಯಾಲೆಂಡರ್ ಇಲ್ಲ ಎಂದು ನನಗೆ ಅನ್ನಿಸುತ್ತದೆ. ಹಾಗೆಂದು ಎಲ್ಲ ಕೆಲಸಕ್ಕೂ ಒಂದೇ ಒಳ್ಳೆಯ ತಿಂಗಳು ಅಂತ ಇಲ್ಲ. ಇಳಿಜಾರಿನ ಮಣ್ಣಿನ ಕೆಲಸ ಮಳೆ ನಿಂತ ಮೇಲೆ, ನೆಲದಲ್ಲಿ ಇನ್ನೂ ತೇವ ಇರುವಾಗ, ನವೆಂಬರ್-ಡಿಸೆಂಬರ್‌ನಲ್ಲಿ ಮಾಡಿ ಅಲ್ಲಿಯದೇ ಹುಲ್ಲಿನ ಹೆಂಟೆ ಮುಚ್ಚಿದರೆ ಬೇರು ಹಿಡಿಯುತ್ತದೆ. ಆದರೆ ಹಳ್ಳದ ತಳದ ಕೆಲಸ ಆಗ ಬೇಡ. ಆ ಕುಣಿಯುವ ಕಪ್ಪೆಗಳು ಮರಿ ಮಾಡುವುದೇ ಮಳೆ ಇಳಿದು ಹರಿವು ತಗ್ಗಿದ ಮೇಲೆ. ಹಳ್ಳದ ಕೆಲಸಕ್ಕೆ ನೀರು ತೀರಾ ಕಡಿಮೆ ಇರುವ ಫೆಬ್ರವರಿ-ಮಾರ್ಚ್ ಸರಿ, ಆದರೆ ತೋಡಿದ ಮಣ್ಣು ಅಂದೇ ಅಲ್ಲಿಂದ ಹೊರಹೋಗಬೇಕು. ಹೀಗೆ ತಿಂಗಳು ನೋಡಿ ಕೆಲಸ ಹಂಚುವುದು ಪರಿಸರ ಪರಿಶೀಲನೆಯ ದೊಡ್ಡ ಭಾಗ. ಇದಕ್ಕೆ ಹೆಚ್ಚಿನ ದುಡ್ಡೇನೂ ಬೇಡ.

ಹಾಗಾದರೆ ಕೆಲಸವನ್ನೇ ನಿಲ್ಲಿಸಿಬಿಡಬೇಕೇ? ಬೇಡ. ಏನೂ ಮಾಡದೆ ಬಿಡುವುದಕ್ಕೂ ಪರಿಣಾಮವಿದೆ, ಒಳ್ಳೆಯ ಪರಿಶೀಲನೆ ಅದನ್ನೂ ಬರೆದಿಡುತ್ತದೆ. ಮೋರಿಯಲ್ಲಿ ಕಸ, ಮಣ್ಣು ಕಟ್ಟಿಕೊಂಡರೆ ಒಂದು ರಾತ್ರಿಯ ಮಳೆಗೆ ರಸ್ತೆಯೇ ಕೊಚ್ಚಿಹೋಗಿ, ವರ್ಷವಿಡೀ ಮಾಡಿದ ಹಾನಿಗಿಂತ ಜಾಸ್ತಿ ಮಣ್ಣು ಹಳ್ಳ ಸೇರಬಹುದು. ಚಾರಣದ ದಾರಿಯೂ ಹಾಗೆಯೇ. ಹುಲ್ಲುಗಾವಲಿನ ಮೇಲ್ಮಣ್ಣು ತೆಳು. ದಾರಿ ಕೆಸರಾದರೆ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲೂ ಕೆಸರಾಗುತ್ತದೆ, ಒಂದು ದಾರಿ ನಾಲ್ಕಾಗುತ್ತದೆ. ನಾಲ್ಕೂ ಕೊರಕಲಾಗುತ್ತವೆ. ಅಲ್ಲಲ್ಲಿ ಕಲ್ಲಿನ ಮೆಟ್ಟಿಲು, ನೀರನ್ನು ಪಕ್ಕಕ್ಕೆ ತಿರುಗಿಸಲು ಓರೆಯಾಗಿ ಒಂದು ಕಲ್ಲಿನ ಸಾಲು ಇಷ್ಟಿದ್ದರೆ ಇದು ತಪ್ಪುತ್ತದೆ. ಆ ಕಲ್ಲನ್ನು ಹಳ್ಳದಿಂದ ಎತ್ತಬಾರದು, ಅಷ್ಟೇ. ಕಾವಲುಗಾರರು ಮಳೆಗಾಲದಲ್ಲಿ ಸೋರುವ ಶಿಬಿರದಲ್ಲಿ ಮಲಗಬೇಕು ಎಂದೂ ನಾನು ಹೇಳಲಾರೆ. ಅವರ ಚಾವಣಿ ರಿಪೇರಿಗೆ ಮಂಡಳಿಗಳ ಒಪ್ಪಿಗೆ ಕಾಯುವುದು ಅನ್ಯಾಯ.

ಪ್ರತಿ ಗುಂಡಿಗೂ ಒಂದೊಂದು ವರದಿ ಮಾಡಲು ಹೊರಟರೆ ನಾಲ್ಕು ದಿನದಲ್ಲಿ ಅದು ಸುಮ್ನೆ ಸಹಿ ಹಾಕುವ ಕಾಗದವಾಗುತ್ತದೆ. ಅದರ ಬದಲು, ಮತ್ತೆ ಮತ್ತೆ ನಡೆಯುವ ಕೆಲಸಗಳನ್ನು ಒಟ್ಟಿಗೆ ಇಟ್ಟು ಒಮ್ಮೆ ಚೆನ್ನಾಗಿ ಪರಿಶೀಲಿಸಬೇಕು. ಇದು ಹೊಸ ಯೋಚನೆಯಲ್ಲ. ಅಮೆರಿಕದಲ್ಲಿ 1970ರ ಜನವರಿ 1ರಂದು ಸಹಿಯಾದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಕೆಳಗೆ ಮೂರು ಹಂತ ಬೆಳೆದುಬಂದಿವೆ. ದೊಡ್ಡ ಪರಿಣಾಮದ ಕೆಲಸಕ್ಕೆ ವಿಸ್ತಾರ ವರದಿ, ಮಧ್ಯಮದ್ದಕ್ಕೆ ಚಿಕ್ಕ ಪರಿಶೀಲನೆ, ಮಾಮೂಲಿ ದುರಸ್ತಿಗೆ ವಿನಾಯಿತಿ. ಆದರೆ ಅಲ್ಲಿನ ಉದ್ಯಾನಗಳಲ್ಲಿ ವಿನಾಯಿತಿ ಕೊಡುವಾಗಲೂ, ಈ ಜಾಗದಲ್ಲಿ ಅಳಿವಿನಂಚಿನ ಜೀವಿ ಇದೆಯೇ, ಜೌಗು ಇದೆಯೇ, ಹಳೇ ಕಾಲದ ಕಟ್ಟಡ ಇದೆಯೇ ಎಂದು ನೋಡುತ್ತಾರೆ. ಇದ್ದು, ಅದಕ್ಕೆ ಗಣನೀಯ ಹಾನಿಯಾಗುವಂತಿದ್ದರೆ ವಿನಾಯಿತಿ ನಿಲ್ಲದು. ಕೊಲರಾಡೊದ ರಾಕಿ ಮೌಂಟನ್ ಉದ್ಯಾನದ ಶೇಕಡ 95ರಷ್ಟು ಜಾಗವನ್ನು 2009ರಲ್ಲಿ 'ವೈಲ್ಡರ್‌ನೆಸ್' ಎಂದು ಘೋಷಿಸಿದರು. ಅಂಥ ಕಡೆ ಮತ್ತೊಂದು ಪ್ರಶ್ನೆ ಕೇಳಲೇಬೇಕು: ಈ ಕೆಲಸ ಬೇಕೇ? ಬೇಕಾದರೆ ಅದನ್ನು ಮಾಡಬಲ್ಲ ಅತಿ ಕಡಿಮೆ ಯಂತ್ರ ಯಾವುದು? ದಾರಿಗೆ ಅಡ್ಡ ಬಿದ್ದ ಮರವನ್ನು ಅಲ್ಲಿ ಕೈಗರಗಸದಲ್ಲೇ ಕೊಯ್ಯುವುದುಂಟು.

ಈ ಎರಡನೇ ಪ್ರಶ್ನೆ ನಮ್ಮ ಘಟ್ಟಕ್ಕೂ ಬರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ನೀವು ನೋಡಿದ ಚರಂಡಿಯನ್ನು ಹಾರೆ, ಗುದ್ದಲಿ, ಸಲಿಕೆ ಹಿಡಿದ ಆಳುಗಳು ಬುಡ ಕೆರೆಯದೆ ಸ್ವಚ್ಛ ಮಾಡಬಹುದು. ಹತ್ತಿರದ ಊರಿನವರಿಗೆ ಕೂಲಿಯೂ ಸಿಗುತ್ತದೆ. ಕುಸಿದು ರಸ್ತೆಯೇ ಮುಚ್ಚಿದಾಗ ಜೆಸಿಬಿ ಬೇಕು, ಒಪ್ಪುತ್ತೇನೆ. ಮಾಮೂಲಿ ಹೂಳಿಗೆ ಬೇಡ.

ನಮ್ಮಲ್ಲಿ ಇದನ್ನು ತರಲು ಹೊಸ ಕಾನೂನೇ ಬೇಕಿಲ್ಲ. 2022ರ ತಿದ್ದುಪಡಿ ಕೇಳುವ ನಿರ್ವಹಣಾ ಯೋಜನೆಯಲ್ಲೇ ಒಂದು ಅಧ್ಯಾಯ ಸೇರಿಸಬಹುದು. ಯಾವ ಯಾವ ಮಾಮೂಲಿ ಕೆಲಸ, ಯಾವ ತಿಂಗಳು, ಯಾವ ಸಾಮಗ್ರಿ, ಮಣ್ಣು ಎಲ್ಲಿಗೆ, ಕೆಲಸಗಾರರ ಶೆಡ್ಡು ಉದ್ಯಾನದ ಹೊರಗೆ ಎಲ್ಲಿ, ಡಾಂಬರು ಕಾಯಿಸಲು ಸೌದೆ ಎಲ್ಲಿಂದ. ಆಮೇಲೆ ಪ್ರತಿ ಕೆಲಸಕ್ಕೂ ಒಂದೇ ಪುಟದ ನಮೂನೆ ಸಾಕು. ವಲಯ ಅರಣ್ಯಾಧಿಕಾರಿ ಜಾಗಕ್ಕೆ ಹೋಗಿ, ಎಂಜಿನಿಯರ್ ಜೊತೆ ನಿಂತು ತುಂಬಬೇಕು. ಈ ಜಾಗದಲ್ಲಿ ಕಳೆದ ಐದು ವರ್ಷದಲ್ಲಿ ಏನೇನು ಕೆಲಸ ಆಗಿದೆ ಎಂಬ ಸಾಲು ಅದರಲ್ಲಿ ಇರಲೇಬೇಕು. ಒಂದೇ ತಿರುವಿನಲ್ಲಿ ಮೂರನೇ ಸಲ ದುರಸ್ತಿ ಎಂದರೆ ಅದು ಇನ್ನು ದುರಸ್ತಿಯಲ್ಲ, ವಿನ್ಯಾಸದ ತಪ್ಪು. ಅದನ್ನು ಮೇಲಿನ ಹಂತದ ಪರಿಶೀಲನೆಗೆ ಕಳಿಸಬೇಕು. ಮಣ್ಣು, ಯಂತ್ರ, ಕಾಲದ ಷರತ್ತುಗಳು ಟೆಂಡರ್ ಕಾಗದದಲ್ಲೇ ಇರಬೇಕು. ಕೆಲಸ ಶುರುವಾದ ಮೇಲೆ ಬಾಯಿಮಾತಿನಲ್ಲಿ ಹೇಳಿದರೆ ಗುತ್ತಿಗೆದಾರ ಯಾಕೆ ಕೇಳುತ್ತಾರೆ? ಮಣ್ಣು ಸಾಗಿಸುವ ಖರ್ಚು ಅವರ ದರದಲ್ಲೇ ಸೇರಿರುವುದಿಲ್ಲ.

ನೀವು ಬೆಂಗಳೂರಿನಲ್ಲಿ ಕುಳಿತೇ ಇದನ್ನು ಕೇಳಬಹುದು. ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿ ಮಲ್ಲೇಶ್ವರ 18ನೇ ಅಡ್ಡರಸ್ತೆಯ ಅರಣ್ಯ ಭವನದಲ್ಲಿದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ ಇದೆ. ಹಾಗಾಗಿ "ಎಲ್ಲ ಕಾಮಗಾರಿಗಳ ವಿವರ" ಎಂದು ಬರೆಯಬೇಡಿ. ರಸ್ತೆಯ ಹೆಸರು, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ನೀವು ನೋಡಿದ ತಿಂಗಳು ಹಾಕಿ, ಆ ಮೋರಿಯ ಕೆಲಸಕ್ಕೆ ಕೊಟ್ಟ ಪರವಾನಗಿ ಮತ್ತು ಅದರ ಷರತ್ತುಗಳ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಟೆಂಡರಿನಲ್ಲಿ ಮಣ್ಣು ಸಾಗಿಸುವ ಐಟಂ ಇದೆಯೇ ಎಂದು ಕೆಲಸ ಮಾಡಿಸಿದ ಇಲಾಖೆಗೆ ಇನ್ನೊಂದು ಅರ್ಜಿ ಹಾಕಿ. ಅಗಲೀಕರಣದಂಥ ದೊಡ್ಡ ಪ್ರಸ್ತಾವವಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತದೆ.

ಮುಂದಿನ ಸಲ ಆ ದಾರಿಯಲ್ಲಿ ಹೋದಾಗ, ವಾಹನ ನಿಲ್ಲಿಸಲು ಅವಕಾಶ ಇರುವ ಕಡೆ ಮಾತ್ರ ನಿಲ್ಲಿಸಿ ಫೋಟೊ ತೆಗೆಯಿರಿ. ಚರಂಡಿಯದ್ದು ಬೇಡ, ಎದುರಿನ ಕಣಿವೆಯ ಅಂಚಿನದ್ದು ತೆಗೆಯಿರಿ. ಮಣ್ಣು ಕೆಳಗೆ ತಳ್ಳಿದ್ದರೆ ಅಲ್ಲಿ ಕಾಣುತ್ತದೆ. ದಿನಾಂಕ, ಜಾಗ ಸಮೇತ ಆ ಫೋಟೊವನ್ನು ಅರ್ಜಿಯ ಜೊತೆ ಲಗತ್ತಿಸಿ.